ನಲ್ಲಿ ನೀರು ಬಂದ ದಿನ ಹೊಳೆಯಲ್ಲಿ ನೊರೆ: ಒಂದು ಊರಿನ ಸ್ನಾನಘಟ್ಟದ ಪ್ರಕರಣ ಅಧ್ಯಯನ

ಈ ಬರಹದಲ್ಲಿ ಊರಿನ ಹೆಸರಿಲ್ಲ, ಹೊಳೆಯ ಹೆಸರಿಲ್ಲ, ಯಾರೊಬ್ಬರ ಹೆಸರೂ ಇಲ್ಲ. ಇಲ್ಲಿ ಬರುವ ಒಬ್ಬರು ಇನ್ನೂ ಗುತ್ತಿಗೆ ಕೆಲಸದಲ್ಲಿದ್ದಾರೆ. ಅವರಿಗೆ ತೊಂದರೆ ಆಗಬಾರದು ಅಂತ ಗುರುತು ಹಿಡಿಯಬಹುದಾದ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಸಭೆ ಕರೆಯುವುದು, ಮಾತು ಬರೆದುಕೊಳ್ಳುವುದು, ಕಚೇರಿಗೆ ಅಲೆಯುವುದು ನನ್ನ ಕೆಲಸವಾಗಿತ್ತು. ಸುಮಾರು ಒಂದೂವರೆ ವರ್ಷ ಅಲ್ಲಿದ್ದೆ.

ಹಿನ್ನೆಲೆ

ಮಲೆನಾಡಿನಲ್ಲಿ ಹುಟ್ಟಿ ಬಯಲಿಗೆ ಇಳಿಯುವ ಹೊಳೆ. ಊರಿನ ನಡುವೆ ಸುಮಾರು ಒಂದು ಕಿಲೋಮೀಟರ್ ಹರಿಯುತ್ತದೆ. ಮೇಲ್ಗಡೆ ಊರಿಗೆ ಕುಡಿಯುವ ನೀರೆತ್ತುವ ಜಾಕ್‌ವೆಲ್. ಅದರ ಕೆಳಗೆ ಊರೊಳಗಿಂದ ಒಂದು ಹಳ್ಳ ಬಂದು ಸೇರುತ್ತದೆ. ಅಲ್ಲಿಂದ ಕೂಗಳತೆ ದೂರದಲ್ಲಿ ಮಡಿವಾಳರ ಒಗೆಯುವ ಕಲ್ಲುಗಳು. ಆಮೇಲೆ ದೇವಸ್ಥಾನ, ಸ್ನಾನಘಟ್ಟ. ಘಟ್ಟದ ಮುಂದೆಯೇ ಒಂದು ಆಳವಾದ ಮಡು. ಅಲ್ಲಿ ಬೆಸ್ತರ ತೆಪ್ಪ, ಬಲೆ. ಎದುರು ದಡದಲ್ಲಿ ದರ್ಗಾ, ಅದರ ಹಿಂದೆ ಗುಜರಿ ಅಂಗಡಿಗಳ ಬೀದಿ. ಇನ್ನೂ ಕೆಳಗೆ ಇಳಿಜಾರಿನಲ್ಲಿ ಆಟೋ, ಟೆಂಪೊ ತೊಳೆಯುವವರು. ಕೊನೆಗೆ ಸೊಪ್ಪು ಬೆಳೆಯುವವರ ತುಂಡು ಹೊಲಗಳು.

ಇವರೆಲ್ಲರೂ ಒಂದೇ ಹೊಳೆಯನ್ನು ಬಳಸುತ್ತಿದ್ದರು. ಆದರೆ ಒಬ್ಬರ ಹೊಳೆ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಬೆಸ್ತರು ಬಲೆ ಎತ್ತುವುದು ಕತ್ತಲಿರುವಾಗ. ಮಡಿವಾಳರು ಐದು ಗಂಟೆಗೆ ನೀರಿಗೆ ಇಳಿಯುತ್ತಾರೆ. ಸ್ನಾನಕ್ಕೆ ಬರುವವರು ಆರರ ಮೇಲೆ. ಪಿಂಡ ಬಿಡುವವರು ಹತ್ತು ಗಂಟೆಗೆ. ವಾಕಿಂಗ್ ಬರುವವರು ಸಂಜೆಗೆ. ನಗರಸಭೆಯವರು ಬರುವುದು ಏನಾದರೂ ಆದ ಮೇಲೆ.

ಮೀನು ಸತ್ತ ಬೆಳಗ್ಗೆ

ಏಪ್ರಿಲ್‌ನ ಒಂದು ಬೆಳಗ್ಗೆ ಮಡುವಿನ ತುಂಬ ಮೀನು ಸತ್ತು ತೇಲಿದವು. ಕಾಟ್ಲಾ, ರೋಹು, ಗೆಂಡೆ, ಎಲ್ಲ ಹೊಟ್ಟೆ ಮೇಲಾಗಿ. ಎಂಟು ಗಂಟೆ ಹೊತ್ತಿಗೆ ಊರೇ ಸೇತುವೆ ಮೇಲೆ ನಿಂತಿತ್ತು. ಹತ್ತಕ್ಕೆಲ್ಲ ತಪ್ಪಿತಸ್ಥರೂ ಸಿಕ್ಕಿದ್ದರು! ಮಡಿವಾಳರ ಬ್ಲೀಚಿಂಗ್ ಪೌಡರ್ ಅಂತ ಕೆಲವರು. ಯಾರೋ ಬೆಸ್ತರೇ ವಿಷ ಹಾಕಿ ಮೀನು ಹಿಡಿಯಲು ನೋಡಿದ್ದಾರೆ ಅಂತ ಇನ್ನು ಕೆಲವರು. ಎದುರು ದಡದವರ ಮೇಲೂ ಮಾತು ಬಂತು, ಅದಕ್ಕೆ ಯಾವ ಕಾರಣವನ್ನೂ ಯಾರೂ ಹೇಳಲಿಲ್ಲ. ಹೇಳಬೇಕು ಅಂತ ಯಾರಿಗೂ ಅನಿಸಲೂ ಇಲ್ಲ. ನನಗೆ ಇವತ್ತಿಗೂ ನೋವು ಕೊಡುವುದು ಅದು.

ಹೊಳೆ ನೀರಿನ ಮಾದರಿ ತೆಗೆದರು. ವರದಿ ಬಂದಾಗ ಎಲ್ಲರಿಗೂ ಗೊಂದಲ. ನೀರಿನಲ್ಲಿ ಕರಗಿದ ಆಮ್ಲಜನಕ ಸಾಕಷ್ಟಿದೆ ಅಂತ ಅದರಲ್ಲಿತ್ತು. ನಮ್ಮ ದೇಶದಲ್ಲಿ ಸ್ನಾನಕ್ಕೆ ಯೋಗ್ಯ ಅನ್ನಲು ಒಂದು ಲೀಟರ್ ನೀರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕು, ಬಿಒಡಿ 3 ಮಿಲಿಗ್ರಾಂ ಮೀರಬಾರದು. ಬಿಒಡಿ ಅಂದರೆ ನೀರಿನಲ್ಲಿರುವ ಕೊಳೆಯನ್ನು ಅರಗಿಸಲು ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ತಿನ್ನುತ್ತವೆ ಅನ್ನುವ ಲೆಕ್ಕ. ವರದಿ ಪ್ರಕಾರ ಆಮ್ಲಜನಕಕ್ಕೆ ಕೊರತೆ ಇರಲಿಲ್ಲ. ಹಾಗಾದರೆ ವಿಷವೇ ಇರಬೇಕು ಅಂತ ಊರು ತೀರ್ಮಾನ ಮಾಡಿಬಿಟ್ಟಿತು.

ಮಾದರಿ ತೆಗೆದದ್ದು ಎಷ್ಟು ಹೊತ್ತಿಗೆ ಅಂತ ಆಗ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮೊದಲು ಮಾಡಿದ್ದು

ನಗರಸಭೆ ಹದಿನೈದು ದಿನದಲ್ಲಿ ತಂತಿಬಲೆಯ ಬೇಲಿ ಹಾಕಿತು. ಒಗೆಯುವ ಕಲ್ಲುಗಳು ಬೇಲಿಯ ಒಳಗೆ ಸಿಕ್ಕಿಕೊಂಡವು. ಬಟ್ಟೆ ಒಗೆದರೆ ದಂಡ, ವಾಹನ ತೊಳೆದರೆ ದಂಡ ಅಂತ ಬೋರ್ಡು ಬಿತ್ತು. ಊರಿನ ಪರಿಸರ ಪ್ರೇಮಿಗಳು ಇದನ್ನು ಬೆಂಬಲಿಸಿದರು. ಅವರ ಕಾಳಜಿ ನಿಜವಾದದ್ದೇ. ಭಾನುವಾರ ಬೆಳಗ್ಗೆ ಗ್ಲೌಸ್ ಹಾಕಿಕೊಂಡು ಪ್ಲಾಸ್ಟಿಕ್ ಹೆಕ್ಕಿದ ಆ ಹುಡುಗ ಹುಡುಗಿಯರ ಜೊತೆ ನಾನೂ ಹೆಕ್ಕಿದ್ದೇನೆ. ಐದಾರು ವಾರ ನಡೆಯಿತು. ಆಮೇಲೆ ಪರೀಕ್ಷೆ ಬಂತು, ಮಳೆ ಬಂತು, ಜನ ಕಡಿಮೆಯಾದರು.

ಬೇಲಿಯಿಂದ ಏನಾಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಡಿವಾಳರು ಒಗೆಯುವುದನ್ನು ಬಿಡಲಿಲ್ಲ. ಬಿಟ್ಟರೆ ಊಟಕ್ಕೇನು ಮಾಡ್ತಾರೆ, ಅಲ್ವಾ? ಅವರು ಬಟ್ಟೆ ಗಂಟು ಹೊತ್ತು ಕೆಳಗೆ, ಸೊಪ್ಪಿನ ಹೊಲಗಳ ಹತ್ತಿರ ಹೋದರು. ಅಲ್ಲಿ ನೀರು ಇನ್ನೂ ಹೊಲಸು. ಅಲ್ಲಿ ಒಗೆದವರ ಕೈ ಮೇಲೆ ಕಜ್ಜಿ ಎದ್ದದ್ದನ್ನು ನಾನು ನೋಡಿದ್ದೇನೆ. ಇತ್ತ ಕಲ್ಲುಗಳ ಜಾಗ ಖಾಲಿಯಾಯಿತು. ಬೆಳಗಿನ ಐದರಿಂದ ಹತ್ತರವರೆಗೆ ಅಲ್ಲಿ ಯಾವಾಗಲೂ ಹತ್ತಾರು ಜನ ಇರುತ್ತಿದ್ದರು, ಈಗ ಒಬ್ಬರೂ ಇಲ್ಲ. ಒಂದು ತಿಂಗಳೊಳಗೆ ಕೋಳಿ ಅಂಗಡಿಯ ಪುಕ್ಕದ ಚೀಲಗಳು, ಮದುವೆ ಮನೆಯ ಎಲೆ, ಥರ್ಮೋಕೋಲ್ ಎಲ್ಲ ಬೇಲಿಯ ಮೇಲಿಂದ ಒಳಗೆ ಬೀಳತೊಡಗಿದವು. ಮೊದಲು ಯಾರಾದರೂ ಚೀಲ ತಂದರೆ ಒಗೆಯುವ ಹೆಂಗಸರು ಬೈದು ವಾಪಸ್ ಕಳಿಸುತ್ತಿದ್ದರು. ಅದು ಕಾವಲು ಅಂತ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆಮೇಲೆ ಸಭೆ ಕರೆದೆವು. ಮೊದಲನೇ ಸಭೆ ದೇವಸ್ಥಾನದ ಕಲ್ಯಾಣ ಮಂಟಪದಲ್ಲಿ. ಜಾಗ ಆರಿಸಿದ್ದು ನಾನು, ಅದು ನನ್ನ ತಪ್ಪು. ದರ್ಗಾ ಕಡೆಯಿಂದ ಇಬ್ಬರು ಬಂದರು, ಬಾಗಿಲಲ್ಲೇ ನಿಂತು ಹೋದರು. ಬೆಸ್ತರು ಹಿಂದಿನ ಸಾಲಿನಲ್ಲಿ ಕೂತು ಒಂದು ಮಾತೂ ಆಡಲಿಲ್ಲ. ಮೈಕ್ ಹಿಡಿದವರೆಲ್ಲ ಸಂಜೆ ವಾಕಿಂಗ್ ಬರುವವರು. ಎರಡನೇ ಸಭೆಯನ್ನು ಘಟ್ಟದ ಮೆಟ್ಟಿಲ ಮೇಲೇ ಇಟ್ಟೆವು. ಮೈಕ್ ಇಲ್ಲ, ಕುರ್ಚಿ ಇಲ್ಲ. ಎಲ್ಲರೂ ನೀರಿನ ಕಡೆ ಮುಖ ಮಾಡಿ ಕೂತರು. ಮಾತು ಶುರುವಾದದ್ದು ಅಲ್ಲಿ.

ಕೊರವ ಮೀನಿನ ಮಾತು

ಒಬ್ಬ ವಯಸ್ಸಾದ ಬೆಸ್ತರು ಸುಮ್ಮನೆ ಕೂತಿದ್ದರು. ವಿಷದ ಮಾತು ಮತ್ತೆ ಬಂದಾಗ ತಡೆಯಲಾಗಲಿಲ್ಲ. "ಸ್ವಾಮಿ, ಅವತ್ತು ಎಲ್ಲ ಮೀನೂ ತೇಲಿದ್ವು. ಕೊರವ ಒಂದಾದ್ರೂ ತೇಲಿತ್ತಾ? ನಾನು ತೆಪ್ಪದಲ್ಲಿ ಸುತ್ತಿದ್ದೀನಿ, ಒಂದೂ ಇರಲಿಲ್ಲ. ವಿಷ ಆಗಿದ್ರೆ ಅದನ್ನ ಬಿಡ್ತಿತ್ತಾ?"

ಕೊರವ ನೀರಿನ ಮೇಲೆ ಬಂದು ಗಾಳಿ ಕುಡಿಯುವ ಮೀನು. ಕಿವಿರಿನ ಜೊತೆಗೆ ಗಾಳಿಯಿಂದಲೇ ಉಸಿರು ಎಳೆದುಕೊಳ್ಳುವ ಅಂಗ ಅದಕ್ಕಿದೆ. ನೀರಿನಲ್ಲಿ ಆಮ್ಲಜನಕ ಮುಗಿದರೂ ಬದುಕುತ್ತದೆ. ವಿಷ ಬಿದ್ದರೆ ಬದುಕುವುದಿಲ್ಲ. ಅಂದರೆ ಮೀನುಗಳು ಸತ್ತದ್ದು ಉಸಿರು ಕಟ್ಟಿ. ಎರಡು ತಿಂಗಳಿಂದ ಊರು ಜಗಳವಾಡುತ್ತಿದ್ದ ಪ್ರಶ್ನೆಗೆ ಉತ್ತರ ಆ ಒಂದು ಮಾತಿನಲ್ಲಿತ್ತು. ಇದನ್ನು ಯಾಕೆ ಮೊದಲೇ ಹೇಳಲಿಲ್ಲ ಅಂತ ಆಮೇಲೆ ಅವರನ್ನು ಕೇಳಿದೆ. "ಕೇಳಿದೋರು ಯಾರು?" ಅಂದರು.

ಅವತ್ತು ರಸಾಯನಶಾಸ್ತ್ರದ ಒಬ್ಬ ಉಪನ್ಯಾಸಕರೂ ಇದ್ದರು. ವರದಿಯ ಗೊಂದಲ ಬಿಡಿಸಿದ್ದು ಅವರು. ಹಗಲಿನಲ್ಲಿ ಪಾಚಿ ಬಿಸಿಲಿಗೆ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ, ಮೀನು, ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಎಲ್ಲ ಸೇರಿ ಅದನ್ನು ಬಳಸಿ ಮುಗಿಸುತ್ತವೆ. ಅದಕ್ಕೇ ಹೊಳೆಗೆ ಉಸಿರು ಅತಿ ಕಡಿಮೆ ಇರುವುದು ಸೂರ್ಯ ಹುಟ್ಟುವ ಮುಂಚೆ. ಬೇಸಿಗೆಯಲ್ಲಿ ಇನ್ನೂ ಕಷ್ಟ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, 30 ಡಿಗ್ರಿಯ ನೀರಿಗೆ 7.5ರಷ್ಟೇ ಸಾಧ್ಯ. ಮಾದರಿ ತೆಗೆದದ್ದು ಬೆಳಗ್ಗೆ ಹನ್ನೊಂದಕ್ಕೆ, ಅದೂ ಸೇತುವೆ ಮೇಲಿಂದ ಅಂತ ಆಗ ಗೊತ್ತಾಯಿತು.

ಉಸಿರು ಕಟ್ಟಿದ್ದು ಸರಿ, ಆದರೆ ಅದೇ ದಿನ ಯಾಕೆ? ಅದಕ್ಕೆ ಉತ್ತರ ಕೊಟ್ಟವರು ಒಗೆಯುವ ಕಲ್ಲಿನಿಂದ ಓಡಿಸಲ್ಪಟ್ಟ ಒಬ್ಬ ಅಜ್ಜಿ.

ಅಜ್ಜಿಯ ಲೆಕ್ಕ

ಅಜ್ಜಿಯ ಮನೆಗೆ ಮೂರು ಸಲ ಹೋದೆ. ಮೊದಲ ಎರಡು ಸಲ ಕಾಫಿ ಕೊಟ್ಟು ಕಳಿಸಿದರು. ಹೊಳೆ ವಿಷಯ ಎತ್ತಿದರೆ ಕಲ್ಲು ಶಾಶ್ವತವಾಗಿ ಹೋಗುತ್ತದೆ ಅನ್ನುವ ಭಯ. ಮೂರನೇ ಸಲ ಅವರು ಅಂಗಳದಲ್ಲಿ ಬಿಳಿ ಪಂಚೆಗಳನ್ನು ಮಡಚುತ್ತಿದ್ದರು. ಪಕ್ಕದಲ್ಲಿ ಬಣ್ಣದ ಬಟ್ಟೆಯ ಗಂಟು ಹಾಗೇ ಇತ್ತು. ಯಾಕೆ ಬೇರೆ ಇಟ್ಟಿದ್ದೀರಿ ಅಂತ ಕೇಳಿದೆ.

"ಬಿಳಿ ಬಟ್ಟೆ ದಿನಾ ಒಗೆಯೋಕಾಗಲ್ಲಪ್ಪ. ಊರಿಗೆ ನಲ್ಲಿ ನೀರು ಬಿಟ್ಟ ದಿನ ಹೊಳೆ ನೀರು ಮಂಕು. ಬೆಳಗ್ಗೆ ನೊರೆ ಬರುತ್ತೆ, ನಾತ. ಅವತ್ತು ಬಿಳಿ ಹಾಕಿದ್ರೆ ಮಾಸಲು. ಕರೆಂಟ್ ಹೋಯ್ತು ಅಂದ್ರೆ ಕೇಳೋದೇ ಬೇಡ."

ನಾನು ಅದನ್ನು ಎರಡು ಸಲ ಬರೆದುಕೊಂಡೆ.

ಊರಿನಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬಂದ ದಿನ ಎಲ್ಲ ಮನೆಯಲ್ಲೂ ಒಟ್ಟಿಗೇ ಸ್ನಾನ, ಬಟ್ಟೆ, ಪಾತ್ರೆ, ನೆಲ ತೊಳೆಯುವುದು. ಅಷ್ಟೂ ಕೊಳಚೆ ಒಳಚರಂಡಿಯಲ್ಲಿ ಹರಿದು ಹಳ್ಳದ ಪಕ್ಕದ ಕೊಳಚೆ ಬಾವಿಗೆ, ಅಂದರೆ ವೆಟ್‌ವೆಲ್‌ಗೆ ಬರುತ್ತದೆ. ಅಲ್ಲಿಂದ ಪಂಪ್ ಅದನ್ನು ಊರಾಚೆ ಶುದ್ಧೀಕರಣ ಘಟಕಕ್ಕೆ ತಳ್ಳಬೇಕು. ಪಂಪ್ ನಿಂತರೆ ಬಾವಿ ತುಂಬಿ ಹಳ್ಳಕ್ಕೆ ಉಕ್ಕುತ್ತದೆ. ಮನೆಗಳ ಹಸಿ ಕೊಳಚೆಯ ಬಿಒಡಿ ಸಾಮಾನ್ಯವಾಗಿ 200ರಿಂದ 300 ಮಿಲಿಗ್ರಾಂ. ಬೇಸಿಗೆಯ ಬಡಕಲು ಹೊಳೆಗೆ, ಅದೂ ಉಸಿರೇ ಇಲ್ಲದ ಹೊತ್ತಿನಲ್ಲಿ, ಅದು ಬಂದು ಬೀಳುತ್ತಿತ್ತು.

ಇದು ಆಗ ಬರೀ ಊಹೆ. ಸಾಬೀತು ಮಾಡಲು ಒಂದು ಹಾಳೆ ಕ್ಯಾಲೆಂಡರ್ ತಂದೆವು, ಮನೆಗಳಲ್ಲಿ ಹಾಲಿನ ಲೆಕ್ಕ ಬರೆಯುತ್ತಾರಲ್ಲ, ಅಂಥದ್ದು. ದರ್ಗಾ ಕಡೆಯ ಚಹಾ ಅಂಗಡಿಯಲ್ಲಿ ಅದನ್ನು ನೇತುಹಾಕಿದೆವು. ನಾಲ್ಕೂವರೆಗೇ ತೆರೆಯುವ ಅಂಗಡಿ ಅದೊಂದೇ. ಬೆಸ್ತರು ಬಲೆ ಎತ್ತಿ ಬರುವಾಗ ಅಲ್ಲೇ ಚಹಾ ಕುಡಿಯುತ್ತಾರೆ. ಬರೆಯಲು ಬಾರದವರೂ ಗುರುತು ಹಾಕಬೇಕು. ಹಾಗಾಗಿ ನೊರೆ ಇದ್ದರೆ ಕಪ್ಪು ಚುಕ್ಕೆ, ನಾತ ಇದ್ದರೆ ಕೆಂಪು, ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಒಂದು ಗೆರೆ. ಅಜ್ಜಿಯೂ ಅವರ ಸೊಸೆಯೂ ದಿನಾ ಬೆಳಗ್ಗೆ ಸೇತುವೆ ದಾಟಿ ಬಂದು ಚುಕ್ಕೆ ಇಟ್ಟು ಹೋದರು. ಎರಡು ತಿಂಗಳಲ್ಲಿ ಅವರು ತಪ್ಪಿಸಿದ್ದು ಮೂರು ದಿನ, ಮನೆಯಲ್ಲಿ ಒಂದು ಸಾವಾದಾಗ.

ನೀರುಗಂಟಿಯ ಹತ್ತಿರ ಯಾವ ವಾರ್ಡಿಗೆ ಯಾವ ದಿನ ನೀರು ಬಿಟ್ಟರು ಅನ್ನುವ ಪುಸ್ತಕ ಇತ್ತು. ಚುಕ್ಕೆಗಳನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಕಪ್ಪು ಚುಕ್ಕೆಗಳೆಲ್ಲ ಹೆಚ್ಚುಕಡಿಮೆ ನೀರು ಬಿಟ್ಟ ದಿನಗಳಲ್ಲೇ ಕೂತಿದ್ದವು. ಮೀನು ಬಾಯಿ ಬಿಟ್ಟ ದಿನಗಳಲ್ಲಿ ಬೆಳಗ್ಗೆ ಕರೆಂಟೂ ಹೋಗಿತ್ತು. ಉಪನ್ಯಾಸಕರು ಅಂಥ ಒಂದು ದಿನ ಐದೂವರೆಗೆ ಮೀಟರ್ ಹಿಡಿದು ನೀರಿಗೆ ಇಳಿದರು. ಆಮ್ಲಜನಕ 5 ಬಿಡಿ, ಅದರ ಅರ್ಧವೂ ಇರಲಿಲ್ಲ.

ದೂರು ಕೊಡಬೇಕೇ, ಬೇಡವೇ

ಇಲ್ಲಿ ನಮ್ಮೊಳಗೇ ದೊಡ್ಡ ವಾದವಾಯಿತು. ಕೈಯಲ್ಲಿ ಪುರಾವೆ ಇದೆ, ಹಸಿರು ನ್ಯಾಯಮಂಡಳಿಗೆ ಹೋಗೋಣ ಅಂದರು ಕೆಲವರು. 1974ರ ಜಲ ಕಾಯ್ದೆ ಪ್ರಕಾರ ಕೊಳಚೆಯನ್ನು ಹೀಗೆ ಹೊಳೆಗೆ ಬಿಡುವುದು ತಪ್ಪು, ಅದರಲ್ಲಿ ಅನುಮಾನವಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದಲ್ಲಿ 351 ಕಲುಷಿತ ನದಿ ಭಾಗಗಳನ್ನು ಗುರುತಿಸಿತ್ತು, 2022ರ ವರದಿಯಲ್ಲಿ ಅದು 311. ಆ ಪಟ್ಟಿ ಇಷ್ಟು ಸುದ್ದಿಯಾಗಲು ಕಾರಣವೇ ನ್ಯಾಯಮಂಡಳಿಯ ಒತ್ತಡ. ಹಾಗಾಗಿ ಆ ದಾರಿ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುವುದಿಲ್ಲ.

ಆದರೆ ನಮಗೆ ಇನ್ನೊಂದು ಮಾಹಿತಿ ಬೇಕಿತ್ತು. ಕರೆಂಟ್ ಹೋದಾಗ ಜನರೇಟರ್ ಯಾಕೆ ಓಡುತ್ತಿಲ್ಲ? ಅದನ್ನು ಹೇಳಬಲ್ಲವರು ಪಂಪ್ ಆಪರೇಟರ್ ಒಬ್ಬರೇ. ದೂರು ಹೋದರೆ ಮೊದಲು ಕೆಲಸ ಕಳೆದುಕೊಳ್ಳುವವರೂ ಅವರೇ. ಅವರ ಹೆಸರು ಎಲ್ಲೂ ಬರುವುದಿಲ್ಲ ಅಂತ ಮಾತು ಕೊಟ್ಟೆವು. ಆಮೇಲೆ ಹೇಳಿದರು. ಡೀಸೆಲ್ ಸಮಯಕ್ಕೆ ಬರುತ್ತಿರಲಿಲ್ಲ. ಎರಡು ಪಂಪ್‌ಗಳಲ್ಲಿ ಒಂದು ಕೆಟ್ಟು ತಿಂಗಳುಗಳೇ ಆಗಿದ್ದವು. ಬಾವಿಯ ತಳದಲ್ಲಿ ಹೂಳು ತುಂಬಿ ಅದು ಅರ್ಧಕ್ಕರ್ಧ ಸಣ್ಣದಾಗಿತ್ತು. ದೂರು ಮೊದಲು ಕೊಟ್ಟಿದ್ದರೆ ಈ ಮೂರರಲ್ಲಿ ಒಂದೂ ನಮಗೆ ತಿಳಿಯುತ್ತಿರಲಿಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಕ್ಯಾಲೆಂಡರನ್ನು ಹಾಗೇ ಸುತ್ತಿಕೊಂಡು ನಗರಸಭೆಗೆ ಹೋದೆವು. ಅಜ್ಜಿ, ಹಿರಿಯ ಬೆಸ್ತರು, ಚಹಾ ಅಂಗಡಿಯ ಸಾಹೇಬರು, ದೇವಸ್ಥಾನದ ಭಟ್ಟರು, ಎಲ್ಲರೂ ಜೊತೆಗೆ. ಅಧಿಕಾರಿ ಬಹಳ ಹೊತ್ತು ಚುಕ್ಕೆಗಳನ್ನು ನೋಡಿದರು. ಮೊದಲು ಕೇಳಿದ್ದು, "ಇದನ್ನ ಬರೆದೋರು ಯಾರು?" ಅಂತ. ಅಜ್ಜಿ ಕೈ ಎತ್ತಿದರು.

ಬದಲಾದದ್ದು

ಮೊದಲು ಆದದ್ದು ದುಡ್ಡೇ ಬೇಡದ ಕೆಲಸ. ವಾರ್ಡುಗಳನ್ನು ಎರಡು ಭಾಗ ಮಾಡಿ ಒಂದು ದಿನ ಅರ್ಧ ಊರಿಗೆ, ಮರುದಿನ ಇನ್ನರ್ಧಕ್ಕೆ ನೀರು ಬಿಡತೊಡಗಿದರು. ಕೊಳಚೆ ಒಂದೇ ದಿನ ನುಗ್ಗುವುದು ತಪ್ಪಿತು. ಜನರೇಟರ್‌ಗೆ ಡೀಸೆಲ್ ಪುಸ್ತಕ ಬಂತು. ಎರಡನೇ ಪಂಪ್ ರಿಪೇರಿಗೆ ಜಾಸ್ತಿ ಸಮಯ ಹಿಡಿಯಿತು, ಆದರೂ ಆಯಿತು.

ಹೂಳು ತೆಗೆಯುವಾಗ ಒಂದು ಕೆಟ್ಟ ಘಳಿಗೆ ಎದುರಾಯಿತು. ನಾಲ್ಕು ಜನರನ್ನು ಇಳಿಸಿದರೆ ಒಂದು ದಿನದ ಕೆಲಸ ಅಂದರು ಒಬ್ಬರು. ಪೌರಕಾರ್ಮಿಕರ ಮುಖಂಡರು ಎದ್ದು ನಿಂತು, ಒಬ್ಬನನ್ನೂ ಇಳಿಸುವುದಿಲ್ಲ ಅಂದರು. ಮಲಗುಂಡಿ, ಚರಂಡಿಗೆ ಹೀಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸಕ್ಕಿಂಗ್ ಮಷಿನ್ ಬರಲು ಮೂರು ವಾರ ಕಾದೆವು. ಹೊಳೆಯನ್ನು ಪ್ರೀತಿಸುವವರಲ್ಲೂ ಕೆಲವರಿಗೆ ಆ ಮೂರು ವಾರ ಕಾಯುವುದು ಕಷ್ಟವಾಯಿತು. ಅದನ್ನು ಮುಚ್ಚಿಡಬಾರದು.

ಬೇಲಿಯನ್ನು ಒಂದು ಕಡೆ ತೆರೆದರು. ಕಲ್ಲುಗಳು ಮಡಿವಾಳರಿಗೆ ವಾಪಸ್ ಸಿಕ್ಕವು. ಅವರೂ ಒಂದು ಮಾತಿಗೆ ಒಪ್ಪಿದರು: ಬ್ಲೀಚಿಂಗ್ ಹಾಕಿದ ನೀರನ್ನು ಹೊಳೆಗೆ ಚೆಲ್ಲದೆ ದಡದ ತೊಟ್ಟಿಗೆ ಸುರಿಯುವುದು. ತೊಟ್ಟಿಯಿಂದ ಅದು ಒಳಚರಂಡಿಗೆ ಹೋಗುತ್ತದೆ. ಬೆಸ್ತರು ಮುಂಗಾರಿನ ಮೊದಲ ಹೊಸ ನೀರಿನಲ್ಲಿ, ಮೀನು ಮೊಟ್ಟೆಗೆ ಮೇಲೇರುವಾಗ, ಮಡುವಿಗೆ ಬಲೆ ಬಿಡುವುದನ್ನು ತಾವಾಗಿಯೇ ನಿಲ್ಲಿಸಿದರು. ಶೃಂಗೇರಿಯಲ್ಲಿ ತುಂಗೆಯ ಮೀನನ್ನು ಯಾರೂ ಮುಟ್ಟುವುದಿಲ್ಲ, ದೇವರ ಮೀನು ಅಂತ. ಇಲ್ಲಿ ಹಾಗಾಗಲು ಸಾಧ್ಯವಿಲ್ಲ, ಇದು ಹೊಟ್ಟೆಪಾಡಿನ ಮಡು. ಎರಡೂ ಕಾಪಾಡುವ ರೀತಿಯೇ.

ಭಟ್ಟರ ವಿಷಯ ನನಗೆ ಅನಿರೀಕ್ಷಿತ. ಕರ್ಮ ಮುಗಿಸಿದವರು ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟು ಹೋಗುತ್ತಾರೆ. ಪಾಲಿಯೆಸ್ಟರ್ ಸೀರೆ ಕೊಳೆಯುವುದಿಲ್ಲ, ಬೆಸ್ತರ ಬಲೆಗೆ ಸುತ್ತಿಕೊಳ್ಳುತ್ತದೆ. ಇಂಥ ಕ್ಷೇತ್ರಗಳ ನದಿಗಳಿಗೆ ಬಟ್ಟೆ ಬಿಡುವುದನ್ನು ತಡೆಯಿರಿ, ಸ್ನಾನಘಟ್ಟದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ ನೋಡಿಕೊಳ್ಳಿ ಅಂತ 2025ರಲ್ಲಿ ರಾಜ್ಯದ ಪರಿಸರ ಸಚಿವರೇ ಸೂಚಿಸಿದ್ದರು. ಆದರೆ ತಂದೆಯನ್ನು ಕಳೆದುಕೊಂಡು ಬಂದವನಿಗೆ ದಂಡದ ಬೋರ್ಡು ತೋರಿಸಲು ಯಾರಿಗೆ ಮನಸ್ಸು ಬರುತ್ತದೆ? ಭಟ್ಟರು ಒಂದು ಬಿದಿರು ಬುಟ್ಟಿ ಇಟ್ಟರು. "ಬಟ್ಟೆಯ ಅಂಚು ನೀರಿಗೆ ಮುಟ್ಟಿಸಿ, ಬುಟ್ಟಿಗೆ ಹಾಕಪ್ಪ, ನದಿಗೆ ಕೊಟ್ಟ ಹಾಗೇ" ಅಂತ ಮಂತ್ರದ ನಡುವೆಯೇ ಹೇಳತೊಡಗಿದರು. ಹೆಚ್ಚಿನವರು ಎದುರು ಮಾತಿಲ್ಲದೆ ಹಾಕಿದರು. ಬೋರ್ಡು ಹೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ಇದ್ದ ವ್ಯತ್ಯಾಸ ಬುಟ್ಟಿ ನೋಡಿದರೆ ತಿಳಿಯುತ್ತಿತ್ತು.

ಕೈಗೆ ಸಿಗದೆ ಉಳಿದದ್ದು

ಸೊಪ್ಪು ಬೆಳೆಯುವವರನ್ನು ನಾವು ಸರಿಯಾಗಿ ಒಳಗೊಳ್ಳಲಿಲ್ಲ. ಅವರಿಗೆ ಆ ಕೊಳಚೆ ನೀರು ಗೊಬ್ಬರವಾಗಿತ್ತು. ನೀರು ತಿಳಿಯಾದ ಮೇಲೆ ಸೊಪ್ಪು ಮೊದಲಿನಷ್ಟು ಕೊಬ್ಬುವುದಿಲ್ಲ, ಗೊಬ್ಬರಕ್ಕೆ ಖರ್ಚು ಬಂತು ಅಂತ ಒಬ್ಬರು ನನ್ನ ಮುಂದೆ ಸಿಟ್ಟಾದರು. ಆ ಸೊಪ್ಪನ್ನು ಊರು ಹಸಿಯಾಗಿಯೂ ತಿನ್ನುತ್ತದೆ, ಹಾಗಾಗಿ ಆ ನೀರು ನಿಲ್ಲಲೇಬೇಕಿತ್ತು. ಆದರೆ ಅವರ ನಷ್ಟವೂ ನಿಜವಾದದ್ದು. ಮೊದಲ ದಿನದಿಂದಲೇ ಮೆಟ್ಟಿಲ ಮೇಲೆ ಅವರನ್ನೂ ಕೂರಿಸಿಕೊಳ್ಳಬೇಕಿತ್ತು. ಹೊಳೆಯ ಕೆಡುಕಿನಿಂದ ಯಾರಿಗೆ ಲಾಭ ಅಂತ ಮೊದಲೇ ಹುಡುಕಿ, ಅವರ ಜೊತೆ ಮೊದಲು ಮಾತಾಡಿ ಅಂತ ಬೇರೆ ಊರಿನವರಿಗೆ ಈಗ ಹೇಳುತ್ತೇನೆ. ಜೊತೆಗೆ ಇನ್ನೊಂದು: ದಡದಲ್ಲಿರುವವರನ್ನು ಎಬ್ಬಿಸುವ ಮುಂಚೆ ಅವರು ಎಷ್ಟು ಗಂಟೆಗೆ ಬರುತ್ತಾರೆ, ಏನು ನೋಡುತ್ತಾರೆ ಅಂತ ಕೇಳಿ. ವಾಹನ ತೊಳೆಯುವವರು ಇನ್ನೂ ತೊಳೆಯುತ್ತಿದ್ದಾರೆ, ಅದಕ್ಕೆ ದಾರಿ ಸಿಕ್ಕಿಲ್ಲ.

ಮರುವರ್ಷ ಮೊದಲ ಜೋರು ಮಳೆಗೆ ಸಣ್ಣ ಮೀನುಗಳು ಮತ್ತೆ ತೇಲಿದವು. ತಿಂಗಳುಗಟ್ಟಲೆ ಮೋರಿಗಳಲ್ಲಿ ಕೂತಿದ್ದ ಕಸ, ಕೆಸರು ಒಂದೇ ಸಲಕ್ಕೆ ಹೊಳೆಗೆ ಬಂದಾಗ ಹೀಗಾಗುತ್ತದೆ. ಆ ಬೆಳಗ್ಗೆ ನಾನು ಹೋದಾಗ ಸೇತುವೆ ಮೇಲೆ ಜನ ಇದ್ದರು, ಆದರೆ ಕೂಗಾಟ ಇರಲಿಲ್ಲ. ಹಿರಿಯ ಬೆಸ್ತರು ತೆಪ್ಪದಲ್ಲಿ ಸುತ್ತುತ್ತಿದ್ದರು. ಮೇಲಿಂದ ಯಾರೋ ಕೂಗಿ ಕೇಳಿದರು, "ಅಣ್ಣಾ, ಕೊರವ ಇದೆಯಾ?" ಅವರು ಇಲ್ಲ ಅಂತ ಕೈ ಆಡಿಸಿದರು.

ಅದಾದ ಕೆಲವು ತಿಂಗಳಿಗೆ ಗುತ್ತಿಗೆ ಬದಲಾಗಿ ವೆಟ್‌ವೆಲ್‌ಗೆ ಹೊಸ ಆಪರೇಟರ್ ಬಂದರು. ನಾನು ಆಗ ಊರಲ್ಲಿರಲಿಲ್ಲ, ಸುದ್ದಿ ಹೇಳಿದ್ದು ಚಹಾ ಅಂಗಡಿಯ ಸಾಹೇಬರು. ಆ ವಾರವೇ ಅಜ್ಜಿಯ ಸೊಸೆ ಗೋಡೆಯ ಕ್ಯಾಲೆಂಡರ್ ಬಿಚ್ಚಿಕೊಂಡು, ಹಿರಿಯ ಬೆಸ್ತರನ್ನು ಕರೆದುಕೊಂಡು ಪಂಪ್‌ಹೌಸ್‌ಗೆ ಹೋಗಿ, ಕಪ್ಪು ಚುಕ್ಕೆ ಅಂದರೇನು, ಕೆಂಪು ಅಂದರೇನು ಅಂತ ತೋರಿಸಿ ಬಂದರಂತೆ.